ಮಾಟ ಬವೇರಿಯಾದ್ದು, ಬಟ್ಟೆ ಯಾರದು?

ಡಿರ್ನ್‌ಡಲ್ ಎಂಬ, ಜರ್ಮನಿಯ ಬವೇರಿಯಾದ ಉಡುಪಿಗೆ ಅಂಗಗಳು ನಾಲ್ಕೇ: ಬಿಳಿ ರವಿಕೆ, ಅದರ ಮೇಲೆ ಮೈಗಂಟಿದ ತೋಳಿಲ್ಲದ ಕುಪ್ಪಸ, ಸೊಂಟದಿಂದ ನೆರಿಗೆಗಟ್ಟಿ ಇಳಿಯುವ ಲಂಗ, ಮುಂದಕ್ಕೊಂದು ಏಪ್ರನ್. ಕುಪ್ಪಸದ ಅಂಚಿಗೆ ಹಿಡಿಯುವ ಸುಕ್ಕುಪಟ್ಟಿಯನ್ನು ಅಲ್ಲಿಯವರು ‘ಕಪ್ಪೆಬಾಯಿ’ ಎನ್ನುತ್ತಾರೆ. ಮ್ಯೂನಿಕ್‌ನಲ್ಲಿ ನೆಲೆಸಿದ ಕ್ಯಾಮರೂನ್ ಮೂಲದ ಅಕ್ಕತಂಗಿ, ಮರಿ ದಾರೂಯಿಶ್ ಮತ್ತು ರಾಮೆ ವೆಟರಿಶ್, ‘ನೋ ನೀ’ ಹೆಸರಿನ ತಮ್ಮ ಉಡುಪುಗಳಲ್ಲಿ ಈ ಮಾಟವನ್ನು ಉಳಿಸಿಕೊಂಡು ಬಟ್ಟೆಯನ್ನು ಬದಲಿಸಿದರು. ತಿಳಿಬಣ್ಣದ ಹೂಬಳ್ಳಿಯ ಜಾಗಕ್ಕೆ ಪಶ್ಚಿಮ ಆಫ್ರಿಕದ ಸಂತೆಗಳ ಮೇಣದಚ್ಚಿನ ಹತ್ತಿಬಟ್ಟೆ ಬಂತು.

ಇದನ್ನು ಕಂಡು ಮೂಗು ಮುರಿಯುವವರ ತಕರಾರು ಒಂದೇ: ಸಂಪ್ರದಾಯ ಕೆಟ್ಟಿತು. ಯಾವ ಸಂಪ್ರದಾಯ? ಡಿರ್ನ್ ಎಂದರೆ ಹೆಣ್ಣಾಳು. 19ನೇ ಶತಮಾನದ ಕೊನೆಯಲ್ಲಿ ಬೇಸಿಗೆ ಕಳೆಯಲು ಆಲ್ಪ್ಸ್ ತಪ್ಪಲಿಗೆ ಬಂದ ಪಟ್ಟಣದ ಹೆಂಗಸರು ಆ ದುಡಿಮೆಯ ಉಡುಪನ್ನು ಷೋಕಿಗೆ ಹೊಲಿಸಿಕೊಂಡರು. ಅದನ್ನು ಮ್ಯೂನಿಕ್‌ನ ಪೇಟೆಗೆ ತಂದವರಲ್ಲಿ ಮುಖ್ಯರು ಯೂಲಿಯುಸ್ ಮತ್ತು ಮೊರಿಟ್ಸ್ ವಾಲಾಖ್ ಎಂಬ ಯಹೂದಿ ಸೋದರರು, ಬವೇರಿಯಾದ ಹೊರಗಿನಿಂದ ಬಂದವರು. 1900ರಲ್ಲಿ ಅಂಗಡಿ ಇಟ್ಟ ಅವರು, 1910ರಲ್ಲಿ ಅಕ್ಟೋಬರ್‌ಫೆಸ್ಟ್ ಎಂಬ ಮ್ಯೂನಿಕ್‌ನ ಬಿಯರ್ ಹಬ್ಬದ ಶತಮಾನೋತ್ಸವದ ಮೆರವಣಿಗೆಗೆ ಉಡುಪು ಒದಗಿಸಿದರು. 1938ರಲ್ಲಿ ನಾತ್ಸಿ ಆಡಳಿತ ಆ ಅಂಗಡಿಯನ್ನು ಕಿತ್ತುಕೊಂಡಿತು. ಅದೇ ವರ್ಷ ಸಾಲ್ಜ್‌ಬರ್ಗ್‌ನಲ್ಲಿ ಯಹೂದಿಗಳು ಈ ಬಗೆಯ ಉಡುಪು ತೊಡುವುದನ್ನೇ ನಿಷೇಧಿಸಲಾಯಿತು. ಇನ್ಸ್‌ಬ್ರುಕ್‌ನ ಗೆರ್ಟ್ರೂಡ್ ಪೇಸೆನ್‌ಡಾರ್ಫರ್ ಎಂಬಾಕೆ ನಾತ್ಸಿಗಳ ಪರವಾಗಿ ಜನಪದ ಉಡುಪಿನ ‘ನವೀಕರಣ’ಕ್ಕೆ ಹೊರಟು, ಕತ್ತು ಮುಚ್ಚುವ ಕಾಲರ್ ತೆಗೆಸಿ ಸೊಂಟ ಬಿಗಿಮಾಡಿಸಿದಳು. ಇಂದು ‘ಅಸಲಿ’ ಎಂದು ಕೊಂಡಾಡುವ ಮಾಟದಲ್ಲಿ ಆ ಕತ್ತರಿಯ ಪಾಲೂ ಇದೆ.

ಬಟ್ಟೆಯ ಜಾತಕವೂ ಅಷ್ಟೇ ಬೆರಕೆಯದು. ಜಾವಾದ ಬಾಟಿಕ್ ಅನ್ನು ಡಚ್ ಗಿರಣಿಗಳು ಯಂತ್ರದಲ್ಲಿ ನಕಲು ಮಾಡಿದವು; ಆ ಸರಕಿಗೆ ಒಲಿದದ್ದು ಪಶ್ಚಿಮ ಆಫ್ರಿಕದ ಹೆಂಗಸರು. ಒಂದೊಂದು ಚಿತ್ತಾರಕ್ಕೂ ಅಡ್ಡಹೆಸರಿಟ್ಟು ಅವರು ಅದನ್ನು ತಮ್ಮದಾಗಿಸಿಕೊಂಡರು. ಇನ್ನು ಕ್ಯಾಮರೂನ್ 1884ರಿಂದ ಮೊದಲ ಮಹಾಯುದ್ಧದವರೆಗೆ ಜರ್ಮನಿಯ ವಸಾಹತಾಗಿತ್ತು. ಆಗ ಆಳಿಸಿಕೊಂಡ ನೆಲದ ಹೆಣ್ಣುಮಕ್ಕಳು ಆಳಿದವರ ಹಬ್ಬದ ಉಡುಪನ್ನು ತಮ್ಮ ಕೈಯಾರೆ ರೂಪಿಸಿದರು. ನೋ ನೀ ಕೆಲಸದ ತೂಕ ಇರುವುದು ಇಲ್ಲಿ.

ಹಾಗೆಂದು ಕೊರತೆ ಇಲ್ಲವೆಂದಲ್ಲ. ಮೇಣದಚ್ಚಿನ ದೊಡ್ಡ ಚಿತ್ತಾರ ಸುತ್ತಿ ಉಡುವ ಬಟ್ಟೆಗೆ ಹೇಳಿ ಮಾಡಿಸಿದ್ದು. ಡಿರ್ನ್‌ಡಲ್‌ನ ಕುಪ್ಪಸಕ್ಕೆ ಬೇಕಾದ್ದು ಅಂಗೈಯಗಲದ ತುಂಡುಗಳು; ಅಲ್ಲಿ ಹಕ್ಕಿಯೊಂದು ರೆಕ್ಕೆ ಕಳೆದುಕೊಂಡೀತು, ಲಂಗದ ನೆರಿಗೆಯಲ್ಲಿ ಅರ್ಧ ಹೂವು ಅಡಗೀತು. ಯಾವ ತುಣುಕು ಎದೆಗೆ, ಯಾವುದು ಏಪ್ರನ್‌ಗೆ ಎಂದು ಅಳೆದು ಕತ್ತರಿಸಿದರಷ್ಟೇ ಹಕ್ಕಿ, ಹೂವು ಎರಡೂ ಉಳಿಯುತ್ತವೆ. ಇನ್ನೊಂದು ಮಾತು: ‘ಆಫ್ರಿಕದ ಡಿರ್ನ್‌ಡಲ್’ ಎಂಬ ಹಣೆಪಟ್ಟಿ ಇಡೀ ಖಂಡವನ್ನು ಒಂದೇ ಗಂಟಿನಲ್ಲಿ ಕಟ್ಟುತ್ತದೆ. ಮಾಟವೂ ಬಹುಮಟ್ಟಿಗೆ ಹಾಗೇ ಉಳಿದಿರುವುದರಿಂದ ಬಣ್ಣವೇ ಎಲ್ಲ ಮಾತನ್ನೂ ಆಡಬೇಕಾಗಿದೆ. ಕತ್ತರಿಯೂ ಆ ಮಾತಿಗೆ ದನಿಗೂಡಿಸಿದ್ದರೆ ಚೆನ್ನಿತ್ತು.

ಆದರೂ ಒಂದು ದಿನ ತೊಟ್ಟು ಬಿಸಾಡಲೆಂದೇ ಮಾರುವ ಪಾಲಿಯೆಸ್ಟರ್ ಡಿರ್ನ್‌ಡಲ್‌ಗಳ ಪಕ್ಕದಲ್ಲಿ ಇವನ್ನಿಟ್ಟು ನೋಡಿ. ಉಡುಪಿಗೆ ಅವಮಾನವಾಗುವುದು ಹೊರಗಿನವರು ತೊಟ್ಟಾಗಲ್ಲ, ಅದನ್ನು ಛದ್ಮವೇಷಕ್ಕೆ ಇಳಿಸಿದಾಗ. ಅಕ್ಟೋಬರ್‌ಫೆಸ್ಟ್‌ಗೆ ಹೋಗುವವರು ‘ಇದು ನನ್ನದಲ್ಲವಲ್ಲ’ ಎಂದು ಅಳುಕಬೇಕಿಲ್ಲ. ಹೊಲಿಗೆ ನೋಡಿ ಕೊಂಡರೆ ಸಾಕು.