ಹಾನಗಲ್ಲಿನ ಮೇಲಿನ ಗೆರೆ: ದುಬೈ ಟಿಕೆಟ್ಟಿಗೊಂದು ವ್ಯಾಖ್ಯಾನ

ಕೊಲ್ಲಿಗೆ ಹೊರಟ ಹಾನಗಲ್ಲಿನ ಹುಡುಗನ ಕೈಯಲ್ಲಿ ಇರಬಹುದಾದ ಹಾಳೆಯೊಂದರ ಮಾದರಿ ಇದು. ಸಾಲು ಸಾಲಾಗಿ ಓದೋಣ.

«ಬೆಂಗಳೂರು (ಬಿಎಲ್‌ಆರ್, ಟಿ2) – ದುಬೈ (ಡಿಎಕ್ಸ್‌ಬಿ)»
ಮೂರಕ್ಷರಗಳು ನಿಲ್ದಾಣದ ಗುರುತು. ಟಿ2 ಎಂದರೆ ಎರಡನೇ ಟರ್ಮಿನಲ್. 2023ರ ಸೆಪ್ಟೆಂಬರ್ 12ರಿಂದ ದೇವನಹಳ್ಳಿಯ ವಿದೇಶ ವಿಮಾನಗಳು ಅಲ್ಲಿಂದಲೇ ಏಳುತ್ತವೆ. ಶಿಗ್ಗಾಂವಿಯವರಿಗೆ ಹುಬ್ಬಳ್ಳಿ ನಿಲ್ದಾಣ ಸುಮಾರು ಒಂದು ತಾಸಿನ ದಾರಿ. ಆದರೆ ಅಲ್ಲಿನ ಹಾರಾಟ ದೇಶದೊಳಗೇ ಮುಗಿಯುತ್ತದೆ.

«ದೂರ: 2,695 ಕಿ.ಮೀ.»
ಇದು ಭೂಮಿಯ ದುಂಡು ಮೈಮೇಲೆ ಎಳೆದ ಅತಿ ಹತ್ತಿರದ ಗೆರೆ. ಬೆಂಗಳೂರಿನಿಂದ ವಾಯವ್ಯಕ್ಕೆ ಹೊರಟ ಈ ಗೆರೆಯನ್ನು ನಕ್ಷೆಯಲ್ಲಿ ಹಿಡಿದು ನಡೆದರೆ ಹಿರೇಕೆರೂರು ಎಡಕ್ಕೆ, ಸವಣೂರು ಮತ್ತು ಶಿಗ್ಗಾಂವಿ ಬಲಕ್ಕೆ ಉಳಿಯುತ್ತವೆ. ಹಾನಗಲ್ಲು ಹೆಚ್ಚುಕಡಿಮೆ ಗೆರೆಯ ಕೆಳಗೇ ಬರುತ್ತದೆ. ಅಂದರೆ ಹುಡುಗ ಎಂಟು ತಾಸು ಬಸ್ಸಿನಲ್ಲಿ ಆಗ್ನೇಯಕ್ಕೆ ಹೋಗಿ, ವಿಮಾನ ಹತ್ತಿ, ಅರ್ಧ ತಾಸಿನಲ್ಲಿ ತನ್ನೂರಿನ ನೆತ್ತಿಯ ಮೇಲೆಯೇ ಬರುತ್ತಾನೆ! ಹವೆ, ದಟ್ಟಣೆ ನೋಡಿ ಪೈಲಟ್ ಆಚೀಚೆ ಸರಿಯಬಹುದು. ಆದರೂ ಬಸ್ಸಿನ ಆ ಸುಮಾರು 370 ಕಿ.ಮೀ. ಈ ಟಿಕೆಟ್ಟಿನ ಯಾವ ಸಾಲಿನಲ್ಲೂ ಇಲ್ಲ. ನಮ್ಮ ಕಡೆಯವರ ನಿಜವಾದ ದೂರ ಅದನ್ನು ಸೇರಿಸಿದ್ದು.

«ಹೊರಡುವುದು 04:30, ತಲುಪುವುದು 07:00»
ಎರಡೂವರೆ ತಾಸಿಗೇ ದುಬೈ ಎಂದು ಹಿಗ್ಗಬೇಡಿ. ಎರಡೂ ಆಯಾ ಊರಿನ ಗಡಿಯಾರದ ಹೊತ್ತು. ದುಬೈ ನಮಗಿಂತ ಒಂದೂವರೆ ತಾಸು ಹಿಂದೆ.

«ಅವಧಿ: 4 ತಾಸು, ತಡೆರಹಿತ»
ಗಂಟೆಗೆ 850 ಕಿ.ಮೀ. ವೇಗದಲ್ಲಿ ಲೆಕ್ಕ ಹಾಕಿದರೆ ಮೂರು ತಾಸು ಚಿಲ್ಲರೆ ಸಾಕು. ಉಳಿದದ್ದು ರನ್‌ವೇವರೆಗೆ ಉರುಳುವುದು, ಏರುವುದು, ಇಳಿಯುವುದು, ಕೆಲವೊಮ್ಮೆ ಸರದಿ ಕಾಯುವುದು. ಪಶ್ಚಿಮದಿಂದ ಬೀಸುವ ಮೇಲ್ಗಾಳಿ ಹೋಗುವಾಗ ಎದುರಾಗಿ, ಬರುವಾಗ ಬೆನ್ನಿಗಿರುತ್ತದೆ. ಹಾಗಾಗಿ ಮರುಪ್ರಯಾಣ ಸಾಮಾನ್ಯವಾಗಿ ತುಸು ಬೇಗ ಮುಗಿಯುತ್ತದೆ.

«ಕೈಚೀಲ: 7 ಕೆಜಿ»
ಸವಣೂರ ಖಾರಾ ಒಯ್ಯಲಿ, ಹೊಟ್ಟೆ ತುಂಬ ತಿನ್ನಲಿ. ಗಸಗಸೆ ಮಾತ್ರ ಬೇಡ, ಯುಎಇಯಲ್ಲಿ ಅದು ನಿಷಿದ್ಧ.

«ದಿನಾಂಕ: 15. ಚೆಕ್-ಇನ್ 60 ನಿಮಿಷ ಮೊದಲು ಮುಕ್ತಾಯ»
ಎಡವುವ ಸಾಲು ಇದು. 15ರ 04:30 ಎಂದರೆ ನಮ್ಮ ಮಾತಿನಲ್ಲಿ 14ರ ರಾತ್ರಿ ಕಳೆದು ಬೆಳಗಿನ ಜಾವ. 14ರ ರಾತ್ರಿ ಬಸ್ಸು ಹಿಡಿದವನು ಬೆಂಗಳೂರು ಮುಟ್ಟುವ ಹೊತ್ತಿಗೆ ವಿಮಾನ ಸಮುದ್ರದ ಮೇಲಿರುತ್ತದೆ. ಮೂರು ತಾಸು ಮೊದಲೇ ನಿಲ್ದಾಣದಲ್ಲಿರಬೇಕು, ಬೆಂಗಳೂರು ಬಸ್ ನಿಲ್ದಾಣದಿಂದ ದೇವನಹಳ್ಳಿಗೆ ಮತ್ತೆ ಒಂದೂವರೆ ತಾಸು ಇಟ್ಟುಕೊಳ್ಳಬೇಕು. ಆದ್ದರಿಂದ 14ರ ಮಧ್ಯಾಹ್ನದೊಳಗೆ ಹಾನಗಲ್ಲು ಬಿಡಿ.