ಪಿಟಿಎಚ್ ಮೇಲಿನ ಹಳೆಯ ಆರೋಪ

ಕಿಡ್ನಿ ಕೈಕೊಟ್ಟವರಿಗೆ ಸೋಂಕು ಯಾಕಿಷ್ಟು ಬೇಗ ತಗಲುತ್ತದೆ ಎಂಬ ಚರ್ಚೆಯಲ್ಲಿ ಕಿಡ್ನಿ ಕೆಟ್ಟಾಗ ಏರುವ ಪ್ಯಾರಾಥೈರಾಯ್ಡ್ ಹಾರ್ಮೋನಿನ (ಪಿಟಿಎಚ್) ಹೆಸರು ತಪ್ಪದೆ ಬರುತ್ತದೆ. ಅದು ಯುರೀಮಿಯಾದ (ಕಿಡ್ನಿ ಕೆಟ್ಟು ರಕ್ತದಲ್ಲಿ ಕಲ್ಮಶ ತುಂಬುವ ಸ್ಥಿತಿಯ) ವಿಷವೇ ಎಂದು 1977ರಲ್ಲಿ ಶೌಲ್ ಮ್ಯಾಸ್ರಿ ಕೇಳಿದ್ದರು. ಆಮೇಲಿನವರು ಪ್ರಶ್ನೆಚಿಹ್ನೆ ಕಿತ್ತು ತೀರ್ಪು ಮಾಡಿಕೊಂಡರು.

ತೀರ್ಪಿಗೆ ಆಧಾರವಾದ ಪ್ರಯೋಗವೇನೋ ಸೊಗಸಾಗಿದೆ. ಡಯಾಲಿಸಿಸ್ ರೋಗಿಗಳ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳೊಳಗೆ ಕ್ಯಾಲ್ಸಿಯಂ ಹೆಚ್ಚು, ಬ್ಯಾಕ್ಟೀರಿಯಾ ನುಂಗುವ ಶಕ್ತಿ ಕಡಿಮೆ. ಕ್ಯಾಲ್ಸಿಯಂ ಕಣದೊಳಗೆ ನುಗ್ಗುವ ಬಾಗಿಲು ಮುಚ್ಚುವ ನಿಫೆಡಿಪಿನ್ (ಹೌದು, ಬಿಪಿ ಮಾತ್ರೆಯೇ) ಕೊಟ್ಟಾಗ ಕ್ಯಾಲ್ಸಿಯಂ ಇಳಿಯಿತು, ನುಂಗುವ ಶಕ್ತಿ ಚೇತರಿಸಿತು. ಹಾಗಾದರೆ ಪಿಟಿಎಚ್ ಕ್ಯಾಲ್ಸಿಯಂ ಮೂಲಕವೇ ಕಣವನ್ನು ಕೆಡಿಸುತ್ತದೆ ಎಂದರು. ಕ್ಯಾಲ್ಸಿಯಂ ತಪ್ಪಿತಸ್ಥ ಎಂಬುದನ್ನು ಒಪ್ಪೋಣ. ಆದರೆ ಅದನ್ನು ಒಳಗೆ ಬಿಟ್ಟವರು ಯಾರು? ಬಾಗಿಲು ಮುಚ್ಚಿದಾಗ ನುಗ್ಗುವುದು ನಿಂತಿತೆಂದರೆ ಹೊರಗೆ ನೂಕುತ್ತಿದ್ದವನ ಹೆಸರು ತಿಳಿದಂತಾಗುವುದಿಲ್ಲ. ಆ ಕಾಲದ ಡಯಾಲೈಸರಿನ ಸೆಲ್ಯುಲೋಸ್ ಪೊರೆಗಳೂ ಇದೇ ಕಣಗಳನ್ನು ಕೆಣಕುತ್ತಿದ್ದವು. ಸಕ್ಕರೆ ಕಾಯಿಲೆ, ಮೈಯಲ್ಲಿ ಸೇರಿದ ಹೆಚ್ಚುವರಿ ಕಬ್ಬಿಣ, ಕುಂದಿದ ಊಟ ಬೇರೆ. ಪ್ಯಾರಾಥೈರಾಯ್ಡ್ ತೆಗೆದ ಇಲಿಗಳಲ್ಲಿ ಕಿಡ್ನಿ ಕೆಟ್ಟರೂ ಈ ದೋಷ ಕಾಣಲಿಲ್ಲ ಎಂಬುದು ಬಲವಾದ ಸಾಕ್ಷಿ, ನಿಜ. ಇಲಿಗಳ ಮಟ್ಟಿಗೆ.

ಈ ಸಂಶೋಧಕರಿಗಿಂತ ನನಗೆ ಹೆಚ್ಚು ಸಿಟ್ಟು ಬರುವುದು ವಿಟಮಿನ್ ಡಿ ಎಂಬ ಇನ್ನೊಂದು ಹಾರ್ಮೋನನ್ನು 'ಇಮ್ಯೂನಿಟಿ' ವ್ಯಾಪಾರಕ್ಕೆ ಎಳೆದ ಅಂಕಣಕಾರರ ಮೇಲೆ. ಮ್ಯಾಕ್ರೋಫೇಜ್ ಕಣ ತಾನೇ ವಿಟಮಿನ್ ಡಿಯನ್ನು ಸಕ್ರಿಯ ಹಾರ್ಮೋನಾಗಿಸಿಕೊಂಡು, ಕ್ಷಯದ ಬ್ಯಾಕ್ಟೀರಿಯಾ ವಿರುದ್ಧ ಕ್ಯಾಥೆಲಿಸಿಡಿನ್ ಎಂಬ ಸೂಕ್ಷ್ಮಾಣುನಾಶಕ ತಯಾರಿಸುತ್ತದೆ ಎಂದು 2006ರಲ್ಲಿ ತಿಳಿದುಬಂತು. ದೊಡ್ಡ ಶೋಧವೇ. ಅದನ್ನೋದಿದವರು 60,000 ಯೂನಿಟ್ಟಿನ ವಿಟಮಿನ್ ಡಿ ಪೊಟ್ಟಣಕ್ಕೆ ನೇರವಾಗಿ ಹಾರಿದರು. ಡಯಾಲಿಸಿಸ್ ರೋಗಿಗೆ ವೈದ್ಯರು ಕ್ಯಾಲ್ಸಿಟ್ರಯಾಲ್ (ಅದೇ ಸಕ್ರಿಯ ವಿಟಮಿನ್ ಡಿ) ಕೊಡುವುದು ಪಿಟಿಎಚ್ ಇಳಿಸಿ ಎಲುಬು ಉಳಿಸಲು. ಸೋಂಕಿಗೆ ಕವಚವೆಂದು ಕೊಡುವುದಿಲ್ಲ. ಈ ವ್ಯತ್ಯಾಸ ಬರೆಯಲು ಅರ್ಧ ಸಾಲು ಸಾಕಿತ್ತು.

ಹಾರ್ಮೋನಿನ ಮಾತು ಬಿಟ್ಟು ವಾರ್ಡಿಗೆ ಬಂದರೆ, ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ರೋಗಿಗೆ ಡಯಾಲಿಸಿಸ್‌ಗೆ ರಕ್ತನಾಳ ಜೋಡಿಸಿ ಮಾಡುವ ಕೈಯ ಫಿಸ್ಟುಲಾ ತಡವಾಗಿ, ಕುತ್ತಿಗೆಯ ಕ್ಯಾಥೆಟರ್ ತಿಂಗಳುಗಟ್ಟಲೆ ಉಳಿದರೆ, ಚಳಿಜ್ವರದ ಮೂಲಕ್ಕೆ ಮೊದಲು ಅಲ್ಲೇ ನೋಡಬೇಕು. ಪ್ರತಿರಕ್ಷಣಾ ಕಣಗಳ ಕಸುವು ಅಳೆಯಲೇಬೇಕೆಂದರೆ ನ್ಯೂಟ್ರೋಫಿಲ್ ಪ್ರಯೋಗದ ಗಾಜಿನ ನಳಿಕೆಗಿಂತ ಹೆಪಟೈಟಿಸ್ ಬಿ ಲಸಿಕೆ ನಂಬಲರ್ಹ. ಸಾಮಾನ್ಯರಿಗೆ 20 ಮೈಕ್ರೋಗ್ರಾಂನ ಮೂರು ಡೋಸ್ ಸಾಕು. ಇವರಿಗೆ 40ರ ನಾಲ್ಕು ಬೇಕು. ಅಷ್ಟಾದರೂ ಹಲವರಲ್ಲಿ ಆಂಟಿಬಾಡಿ ಮಟ್ಟ ರಕ್ಷಣೆಗೆ ಬೇಕಾದ 10 mIU/ml ಮುಟ್ಟುವುದಿಲ್ಲ. ಕೊನೆಯ ಡೋಸಿನ ಒಂದೆರಡು ತಿಂಗಳ ಮೇಲೆ ಆ ಮಟ್ಟ ಬರೆದಿಡುವ ರಿಜಿಸ್ಟರು ಪಿಟಿಎಚ್ ಕುರಿತ ಇನ್ನೊಂದು ಪ್ರಬಂಧಕ್ಕಿಂತ ಹೆಚ್ಚು ಹೇಳುತ್ತದೆ.