ದನಿಗೆ ಬಣ್ಣವಿಲ್ಲವೇ?

2024ರ ಸೆಪ್ಟೆಂಬರ್ 9ರಂದು ಅಮೆರಿಕದ ನಟ ಜೇಮ್ಸ್ ಅರ್ಲ್ ಜೋನ್ಸ್ ತಮ್ಮ 93ನೆಯ ವಯಸ್ಸಿನಲ್ಲಿ ನಿಧನರಾದರು. ಹೆಚ್ಚಿನ ಪತ್ರಿಕೆಗಳು ಅವರನ್ನು ಗುರುತಿಸಿದ್ದು ಒಂದು ಖಳಪಾತ್ರದ ಮೂಲಕ: 'ಸ್ಟಾರ್ ವಾರ್ಸ್' ಚಿತ್ರಮಾಲೆಯ ಡಾರ್ತ್ ವೇಡರ್. ಆ ಪಾತ್ರಕ್ಕೆ ಜೋನ್ಸ್ ಕೊಟ್ಟದ್ದು ಧ್ವನಿಯನ್ನು ಮಾತ್ರ. ಆರು ದಶಕಗಳಿಗೂ ಮಿಕ್ಕಿ ರಂಗದ ಮೇಲೂ ತೆರೆಯ ಮೇಲೂ ದುಡಿದ ಕಪ್ಪು ಜನಾಂಗದ ಒಬ್ಬ ಮಹಾನ್ ಕಲಾವಿದನನ್ನು ಜಗತ್ತು ಮುಖವಿಲ್ಲದ ದನಿಯಾಗಿ ನೆನಪಿಟ್ಟುಕೊಂಡಿತು. ಇದು ಬರೀ ಆಕಸ್ಮಿಕವೇ? ಈ ಪ್ರಶ್ನೆಯನ್ನು ಬದಿಗಿಟ್ಟು ಅವರ ಕಲೆಯ ಬೆಲೆ ಕಟ್ಟಲು ನಮ್ಮಿಂದಾಗುತ್ತಿಲ್ಲ.

ಜೋನ್ಸ್ ಹುಟ್ಟಿದ್ದು 1931ರಲ್ಲಿ, ವರ್ಣಭೇದದ ಬೇರುಗಳು ಆಳವಾಗಿದ್ದ ಮಿಸಿಸಿಪ್ಪಿ ರಾಜ್ಯದಲ್ಲಿ. ತಂದೆ ಮನೆ ಬಿಟ್ಟು ಹೋಗಿದ್ದರು. ಸಾಕಿ ಬೆಳೆಸಿದವರು ತಾಯಿಯ ತಂದೆತಾಯಿ. ಆ ಕುಟುಂಬ ಉತ್ತರದ ಮಿಷಿಗನ್‌ಗೆ ವಲಸೆ ಹೋದಾಗ ಹುಡುಗನಿಗೆ ಐದರ ಆಸುಪಾಸು. ಉಗ್ಗು ಎಷ್ಟು ತೀವ್ರವಾಗಿತ್ತೆಂದರೆ ಸುಮಾರು ಎಂಟು ವರ್ಷ ಆತ ಹೆಚ್ಚುಕಡಿಮೆ ಮೂಕನಾಗಿಯೇ ಉಳಿದ. ಪ್ರೌಢಶಾಲೆಯ ಶಿಕ್ಷಕ ಡೊನಾಲ್ಡ್ ಕ್ರೌಚ್, ಹುಡುಗ ಗುಟ್ಟಾಗಿ ಕವಿತೆ ಬರೆಯುವುದನ್ನು ಕಂಡು, ಅದನ್ನು ತರಗತಿಯ ಮುಂದೆ ಹೇಳಿಸಿದರು. ಕವಿತೆ ತಡವರಿಸದೆ ಹೊರಬಂತು. ನಾಲಗೆಯ ಗಂಟು ಬಿಚ್ಚಿಕೊಡೆಂದು ಹಝ್ರತ್ ಮೂಸಾ(ಅ) ಮಾಡಿದ ಪ್ರಾರ್ಥನೆಯನ್ನು ಬಲ್ಲ ಓದುಗರಿಗೆ ಈ ಪ್ರಸಂಗ ಬೇರೆಯೇ ರೀತಿಯಲ್ಲಿ ತಟ್ಟೀತು. ಮಾತು ಸುಲಭವಾಗಿ ದಕ್ಕದವನಿಗೆ ಮಾತಿನ ತೂಕ ಗೊತ್ತಿರುತ್ತದೆ. ಜೋನ್ಸ್ ಪ್ರತಿ ಪದವನ್ನೂ ಅವಸರವಿಲ್ಲದೆ, ಅಳೆದು ಇಡುವಂತೆ ಉಚ್ಚರಿಸುತ್ತಿದ್ದುದರ ಮೂಲ ಇಲ್ಲಿದೆ ಎಂದು ನಾವು ಭಾವಿಸುತ್ತೇವೆ.

ಅವರಿಗೆ ದೊಡ್ಡ ಹೆಸರು ತಂದದ್ದು 'ದ ಗ್ರೇಟ್ ವೈಟ್ ಹೋಪ್' ನಾಟಕ. ಹೆವಿವೇಟ್ ಬಾಕ್ಸಿಂಗ್ ವಿಶ್ವ ಪಟ್ಟ ಗೆದ್ದ ಮೊದಲ ಕಪ್ಪು ವರ್ಣೀಯ ಜಾಕ್ ಜಾನ್ಸನ್‌ರ ಬದುಕನ್ನು ಆಧರಿಸಿದ ಕೃತಿಯದು. 1969ರಲ್ಲಿ ಜೋನ್ಸ್‌ಗೆ ಟೋನಿ ಪ್ರಶಸ್ತಿ ಬಂತು. 1970ರ ಸಿನಿಮಾ ರೂಪಕ್ಕೆ ಆಸ್ಕರ್ ನಾಮನಿರ್ದೇಶನವೂ ಸಿಕ್ಕಿತು. ವಿಯೆಟ್ನಾಂ ಯುದ್ಧಕ್ಕೆ ಹೋಗಲು ನಿರಾಕರಿಸಿ 1967ರಲ್ಲಿ ಪಟ್ಟ ಕಳೆದುಕೊಂಡಿದ್ದ ಮುಹಮ್ಮದ್ ಅಲಿ ಈ ನಾಟಕ ನೋಡಿ, ಇದು ತನ್ನದೇ ಕಥೆ ಎಂದು ಜೋನ್ಸ್‌ಗೆ ಹೇಳಿದ್ದರು. ಬಿಳಿಯರ ಅಧಿಕಾರಕ್ಕೆ ತಲೆಬಾಗದ ದೇಹವೊಂದು ರಂಗದ ಮೇಲೆ ಎದ್ದು ನಿಂತಾಗ, ಅಲಿಗೆ ಅದು ಕನ್ನಡಿಯಾಗಿ ಕಂಡದ್ದು ಸಹಜ.

ಇನ್ನು 1977ನೇ ಇಸವಿಯನ್ನು ನೋಡಿ. ಅಲಿ ತಮ್ಮ ಪಾತ್ರವನ್ನು ತಾವೇ ವಹಿಸಿದ 'ದ ಗ್ರೇಟೆಸ್ಟ್' ಚಿತ್ರದಲ್ಲಿ ಜೋನ್ಸ್ ಮಾಲ್ಕಮ್ ಎಕ್ಸ್ ಆಗಿ ಕಾಣಿಸಿಕೊಂಡರು. ಅದೇ ವರ್ಷ 'ಸ್ಟಾರ್ ವಾರ್ಸ್' ತೆರೆಕಂಡಿತು. ಒಂದರಲ್ಲಿ ಅವರ ಮುಖವಿತ್ತು, ಇನ್ನೊಂದರಲ್ಲಿ ಅವರ ದನಿ ಮಾತ್ರ. ಜಗತ್ತು ಯಾವುದನ್ನು ಉಳಿಸಿಕೊಂಡಿತೆಂದು ಹೇಳಬೇಕಾಗಿಲ್ಲ. ವೇಡರ್‌ನ ಕಪ್ಪು ಕವಚದೊಳಗೆ ಇದ್ದವರು ಇಂಗ್ಲಿಷ್ ನಟ ಡೇವಿಡ್ ಪ್ರೌಸ್. 1983ರ 'ರಿಟರ್ನ್ ಆಫ್ ದ ಜೆಡೈ'ನಲ್ಲಿ ಖಳನಾಯಕ ಪಶ್ಚಾತ್ತಾಪಪಟ್ಟು ಮುಖವಾಡ ಕಳಚಿದಾಗ ಕಂಡದ್ದು ಮತ್ತೊಬ್ಬ ಬಿಳಿಯ ನಟನ ಮುಖ. ಭಯ ಹುಟ್ಟಿಸಲು ಕರಿಯನ ದನಿ, ಕ್ಷಮೆ ಪಡೆಯಲು ಬಿಳಿಯನ ಮುಖ! ಇದು ಚಿತ್ರ ಮಾಡಿದವರ ಉದ್ದೇಶವಾಗಿತ್ತೆಂದು ನಾವು ಹೇಳುತ್ತಿಲ್ಲ. ಆದರೆ ಉದ್ದೇಶವಿಲ್ಲದೆಯೂ ಇಂತಹ ಆಯ್ಕೆ ನಡೆದುಹೋಗುತ್ತದೆ ಎಂಬುದೇ ಯೋಚಿಸಬೇಕಾದ ಸಂಗತಿ.

ಜೋನ್ಸ್ ಇದನ್ನು ದೂರಿನ ವಿಷಯವಾಗಿಸಲಿಲ್ಲ ಎಂಬುದನ್ನೂ ನ್ಯಾಯವಾಗಿ ಹೇಳಬೇಕು. ಮೊದಲ ಎರಡು ಚಿತ್ರಗಳಲ್ಲಿ ತಮ್ಮ ಹೆಸರು ಹಾಕುವುದು ಬೇಡವೆಂದವರು ಅವರೇ. ಅದನ್ನು ಅವರು ಒಂದು ತಾಂತ್ರಿಕ ಕೈಚಳಕದ ಭಾಗವೆಂದಷ್ಟೇ ಕಂಡಿದ್ದರು. ಇದು ಕಲಾವಿದನ ವಿನಯ. ಆದರೆ ಒಬ್ಬನ ವಿನಯ ಇಡೀ ಉದ್ಯಮಕ್ಕೆ ಅನುಕೂಲಕರ ನೆಪವಾಗಬಾರದು. ನಮ್ಮ ಚಿತ್ರರಂಗದಲ್ಲೂ ಪರಭಾಷಾ ನಾಯಕಿಯರ ಬಾಯಲ್ಲಿ ಕನ್ನಡ ನುಡಿಸಿದ ಕಂಠದಾನ ಕಲಾವಿದೆಯರಲ್ಲಿ ಎಷ್ಟು ಮಂದಿಯ ಹೆಸರು ನಮಗೆ ಗೊತ್ತು?

ಇಲ್ಲಿ ನಮಗೆ ಹಝ್ರತ್ ಬಿಲಾಲ್(ರ) ನೆನಪಾಗುತ್ತಾರೆ. ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಆ ಅಬಿಸೀನಿಯಾ ಮೂಲದ ವ್ಯಕ್ತಿಯ ದನಿಯನ್ನು ಪ್ರವಾದಿ(ಸ) ಬಾಂಗ್ ಕೊಡಲು ಆರಿಸಿದರು. ಅಷ್ಟಕ್ಕೇ ಮುಗಿಯಲಿಲ್ಲ. ಮಕ್ಕಾ ವಿಜಯದ ದಿನ ಅವರನ್ನು ಕಅಬಾದ ಮೇಲೆಯೇ ಹತ್ತಿಸಿದರು. ಅವರ ಬಣ್ಣವನ್ನು ಹೀಗಳೆದಿದ್ದ ಪ್ರಮುಖರು ತಲೆಯೆತ್ತಿ ನೋಡಲೇಬೇಕಾಯಿತು. ಅಲ್ಲಿ ದನಿಯೊಂದಿಗೆ ದೇಹಕ್ಕೂ ಮೇಲಿನ ಜಾಗ ಸಿಕ್ಕಿತು. ದನಿಯನ್ನು ಮೆಚ್ಚಿ ಮುಖವನ್ನು ಮರೆಮಾಡುವುದಕ್ಕೂ ಮನುಷ್ಯನನ್ನು ಇಡಿಯಾಗಿ ಗೌರವಿಸುವುದಕ್ಕೂ ಇರುವ ಅಂತರ ಇದು. ಬಿಲಾಲರ ಹೆಸರನ್ನು ಮಕ್ಕಳಿಗೆ ಇಟ್ಟೂ ಕಪ್ಪು ಬಣ್ಣದ ವಧುವನ್ನು ನಿರಾಕರಿಸುವ ನಾವು ಈ ಪಾಠವನ್ನು ಪರರಿಗೆ ಮಾತ್ರ ಹೇಳುವಂತಿಲ್ಲ.

ಜೋನ್ಸ್‌ರ ದನಿಯ ಕಥೆ ಅವರೊಂದಿಗೆ ಮುಗಿದಿಲ್ಲ. 2022ರ 'ಓಬಿ-ವಾನ್ ಕೆನೋಬಿ' ಸರಣಿಯಲ್ಲಿ ಅವರ ಅನುಮತಿಯೊಂದಿಗೆ, ಹಳೆಯ ಧ್ವನಿಮುದ್ರಣಗಳ ನೆರವಿನಿಂದ ಕಂಪ್ಯೂಟರ್ ವೇಡರ್‌ನ ದನಿಯನ್ನು ಹೊಮ್ಮಿಸಿತು. ಮೊದಲು ಮುಖ ಬೇಡವಾಗಿತ್ತು, ಈಗ ಮನುಷ್ಯನೇ ಬೇಡವಾದ. ಅದೇ 2022ರಲ್ಲಿ ನ್ಯೂಯಾರ್ಕ್‌ನ ಕಾರ್ಟ್ ರಂಗಮಂದಿರಕ್ಕೆ ಅವರ ಹೆಸರಿಡಲಾಯಿತು. 1958ರಲ್ಲಿ ಮನೆಯಾಳಿನ ಸಣ್ಣ ಪಾತ್ರದಲ್ಲಿ ಅವರು ನಿಂತಿದ್ದ ರಂಗವದು. ಹಾಗಾಗಿ ನಮ್ಮ ಸಲಹೆ ಇಷ್ಟೇ: ಆ ದನಿಯನ್ನು ಮೆಚ್ಚಿದವರು ಒಮ್ಮೆ 'ದ ಗ್ರೇಟ್ ವೈಟ್ ಹೋಪ್' ಚಿತ್ರವನ್ನೂ ಹುಡುಕಿ ನೋಡಲಿ. ಆ ದನಿಗೆ ಒಂದು ಮುಖವಿತ್ತು.